ಹೆವಿ ಲೈಸೆನ್ಸ್ ಸಿಕ್ಕಿತು, ಇನ್ನು ಯಾರ ಲಾರಿ ಹತ್ತುವುದು?



ಸ್ವಸಹಾಯ ಸಂಘದಿಂದ ಸಾಲ ತೆಗೆದು ಮಗನಿಗೆ ಹೆವಿ ಲೈಸೆನ್ಸ್ ಮಾಡಿಸಿದ ತಾಯಂದಿರು ನಮ್ಮಲ್ಲಿ ಅನೇಕರಿದ್ದಾರೆ. ಇದೇನೂ ಸುಲಭದಲ್ಲಿ ಆಗುವ ಕೆಲಸವಲ್ಲ. ಹುಡುಗನಿಗೆ 20 ವರ್ಷ ತುಂಬಬೇಕು, ಲಘು ವಾಹನದ ಲೈಸೆನ್ಸ್ ಆಗಿ ಒಂದು ವರ್ಷ ಕಳೆದಿರಬೇಕು, ಡ್ರೈವಿಂಗ್ ಸ್ಕೂಲಿನ ಫೀಸು ಬೇರೆ. ಇಷ್ಟೆಲ್ಲ ಆಗಿ ಲೈಸೆನ್ಸ್ ಕೈಗೆ ಬಂದ ದಿನ ಮನೆಯವರು ಕೇಳುವ ಪ್ರಶ್ನೆ ಒಂದೇ: "ಎಲ್ಲಿ ಸಂಬಳ ಜಾಸ್ತಿ ಕೊಡ್ತಾರೆ?" ಕೇಳಬಾರದ ಪ್ರಶ್ನೆ ಅಂತ ನಾನು ಹೇಳುವುದಿಲ್ಲ. ಆದರೆ ಅದಕ್ಕಿಂತ ಮೊದಲು ಇನ್ನೊಂದನ್ನು ಕೇಳಬೇಕು. ನಷ್ಟ ಬಂದರೆ ಅದು ಯಾರ ತಲೆಗೆ?

ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ಕಣ್ಣೀರು ಹಾಕಿಕೊಂಡು ನಮ್ಮ ಕಚೇರಿಗೆ ಬಂದರು. ಮಗ ಲಾರಿಗೆ ಸೇರಿ ನಾಲ್ಕು ತಿಂಗಳಾಗಿತ್ತು. ಸೇರುವಾಗ ಮಾಲಕರು 40,000 ರೂಪಾಯಿ ಮುಂಗಡ ಕೊಟ್ಟಿದ್ದರು. ಅಕ್ಕನ ಮದುವೆಗೆ ಅದು ಒದಗಿತು. ಬದಲಿಗೆ ಒರಿಜಿನಲ್ ಲೈಸೆನ್ಸನ್ನು ಆಫೀಸಿನ ಕಪಾಟಿನಲ್ಲಿ ಇಟ್ಟುಕೊಂಡರು. "ಎಲ್ಲರದ್ದೂ ಇಲ್ಲೇ ಇರುವುದು" ಎಂದರಂತೆ. ಬ್ರೇಕು ಸರಿ ಹಿಡಿಯುತ್ತಿಲ್ಲ ಎಂದು ಹುಡುಗ ಎರಡು ಸಲ ಹೇಳಿದ. "ಈ ಟ್ರಿಪ್ ಮುಗಿಸಿ ಬಾ, ನೋಡುವ" ಎಂಬ ಉತ್ತರ ಬಂತು. ಬಿಟ್ಟು ಹೋಗೋಣವೆಂದರೆ ಮುಂಗಡ ತೀರಿಲ್ಲ, ಲೈಸೆನ್ಸ್ ಕೈಯಲ್ಲಿಲ್ಲ. ಎರಡನೆಯ ರಾತ್ರಿಯೂ ನಿದ್ದೆಯಿಲ್ಲದೆ ಬೆಂಗಳೂರಿನಿಂದ ಲೋಡ್ ತರುವಾಗ ಶಿರಾಡಿ ಘಾಟಿಯ ಇಳಿಜಾರಿನಲ್ಲಿ ಬ್ರೇಕ್ ಕಾದು ಹಿಡಿಯದೆ ಹೋಯಿತು. ಲಾರಿಯನ್ನು ಗುಡ್ಡದ ಬದಿಗೆ ಉಜ್ಜಿ ಹೇಗೋ ನಿಲ್ಲಿಸಿದ. ಕ್ಲೀನರ್ ಹುಡುಗನ ಕಾಲು ಮುರಿಯಿತು. ಆಮೇಲೆ ನೋಡಿದರೆ ಲಾರಿಯ ವಿಮೆ ಮುಗಿದು ಹನ್ನೊಂದು ದಿನವಾಗಿತ್ತು.

ಮಾಲಕರು ಒಂದು ಛಾಪಾ ಕಾಗದ ಮುಂದಿಟ್ಟು, ರಿಪೇರಿ ಖರ್ಚೆಲ್ಲ ನನ್ನದೇ ಎಂದು ಸಹಿ ಹಾಕು ಅಂದರು. ಮೊತ್ತದ ಜಾಗ ಖಾಲಿ ಇತ್ತು. ತಾಯಿಯೊಂದಿಗೆ ನಾನೂ ಹೋಗಿದ್ದೆ. ಒಂದು ಗಂಟೆ ನಮ್ಮನ್ನು ಬೆಂಚಿನ ಮೇಲೆ ಕೂರಿಸಿದರು. ಹೆಚ್ಚು ಓದಿದವರಲ್ಲ ಆ ತಾಯಿ. ಆದರೆ ಅವರು ಹೇಳಿದ್ದು ನನಗೆ ಇನ್ನೂ ನೆನಪಿದೆ. "ನನ್ನ ಮಗ ಸಂಬಳಕ್ಕೆ ಬಂದದ್ದು ಧಣಿ, ಲಾರಿಯಲ್ಲಿ ಪಾಲಿಗೆ ಬಂದದ್ದಲ್ಲ. ಲಾಭದಲ್ಲಿ ಪಾಲಿಲ್ಲದವನಿಗೆ ನಷ್ಟದಲ್ಲಿ ಯಾಕೆ?" ನಾವು ಸಹಿ ಹಾಕಿಸಲಿಲ್ಲ. ಕಾರ್ಮಿಕ ಇಲಾಖೆಗೆ ಅರ್ಜಿ ಬರೆದ ಮೇಲೆ ಲೈಸೆನ್ಸ್ ವಾಪಸ್ ಬಂತು. ಕ್ಲೀನರ್ ಹುಡುಗನ ಚಿಕಿತ್ಸೆಯ ಹಣಕ್ಕೆ ಮತ್ತೂ ಏಳೆಂಟು ತಿಂಗಳು ಓಡಾಡಬೇಕಾಯಿತು.

ಇದನ್ನು ಹೆದರಿಸಲಿಕ್ಕೆ ಬರೆದದ್ದಲ್ಲ. ಆ ಹುಡುಗ ಸೇರುವ ಮೊದಲು ಒಂದು ದಿನ ವಿಚಾರಿಸಿದ್ದರೆ ಇದರಲ್ಲಿ ಹೆಚ್ಚಿನದ್ದು ತಿಳಿಯುತ್ತಿತ್ತು. ಲಾರಿಯ ನಂಬರ್ ಗೊತ್ತಿದ್ದರೆ ಎಂಪರಿವಾಹನ್ ಆ್ಯಪಿನಲ್ಲಿ ವಿಮೆ ಮತ್ತು ಎಫ್‌ಸಿ ಯಾವಾಗ ಮುಗಿಯುತ್ತದೆಂದು ಯಾರೂ ನೋಡಬಹುದು. ಎಂಟು ವರ್ಷ ದಾಟಿದ ಲಾರಿಗೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ಕಾಗದಪತ್ರ ಸರಿಯಿಡದ ಮಾಲಕ ಬ್ರೇಕು ಸರಿಯಿಡುತ್ತಾನೆಂದು ನಂಬುವುದು ಹೇಗೆ? ಪಾಲಿಸಿಯಲ್ಲಿ ಡ್ರೈವರ್ ಮತ್ತು ಕ್ಲೀನರ್ ಇಬ್ಬರೂ ಸೇರಿದ್ದಾರೆಯೇ ಎಂದೂ ಕೇಳಿ. ಲೈಸೆನ್ಸಿನ ಜೆರಾಕ್ಸ್ ಕೊಡಿ, ಒರಿಜಿನಲ್ ತೋರಿಸಿ, ಆದರೆ ಬಿಟ್ಟು ಬರಬೇಡಿ. ಡಿಜಿಲಾಕರಿನಲ್ಲಿರುವ ಲೈಸೆನ್ಸಿಗೂ ಮಾನ್ಯತೆ ಇದೆ, ಅದನ್ನೂ ಮಾಡಿಸಿಟ್ಟುಕೊಳ್ಳಿ. ಮುಂಗಡವನ್ನಂತೂ ಸಾಧ್ಯವಾದಷ್ಟು ಮುಟ್ಟಬೇಡಿ. ಸಾಲ ತೀರುವ ತನಕ ಕೆಲಸ ಬಿಡುವ ಹಾಗಿಲ್ಲ ಎಂದು ಕಟ್ಟಿಹಾಕುವುದನ್ನು 1976ರ ಜೀತಪದ್ಧತಿ ರದ್ದತಿ ಕಾಯ್ದೆಯೇ ತಡೆಯುತ್ತದೆ. ಆದರೆ ಕಾಯ್ದೆ ಹಿಡಿದು ಹೋರಾಡುವುದಕ್ಕಿಂತ ಮದುವೆ ಖರ್ಚಿಗೆ ಸಂಘದಲ್ಲೇ ಸಾಲ ಕೇಳುವುದು ಲೇಸು.

ಇನ್ನು ಸಂಬಳದ ಮಾತು. ಲೆಕ್ಕಕ್ಕೆ ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಂದು ಕಡೆ ತಿಂಗಳಿಗೆ 18,000 ಸಂಬಳ, ಹೊರಗಿದ್ದ ದಿನಕ್ಕೆ 300 ರೂಪಾಯಿ ಬಾಟಾ. ಇನ್ನೊಂದು ಕಡೆ ಟ್ರಿಪ್ಪಿಗೆ 3,000, "ತಿಂಗಳಿಗೆ ಹನ್ನೆರಡು ಟ್ರಿಪ್ ಗ್ಯಾರಂಟಿ." ಹನ್ನೆರಡು ಟ್ರಿಪ್ ಅಂದರೆ 36,000. ಯಾರಿಗೆ ಆಸೆಯಾಗುವುದಿಲ್ಲ ಹೇಳಿ? ಆದರೆ ಫ್ಯಾಕ್ಟರಿ ಗೇಟಿನಲ್ಲಿ ಲೋಡಿಗೆ ಒಂದು ದಿನ, ಖಾಲಿ ಮಾಡಲಿಕ್ಕೆ ಮತ್ತೊಂದು ದಿನ ಕಾದರೆ ಟ್ರಿಪ್ ಎಂಟಕ್ಕೆ ಇಳಿಯುತ್ತದೆ. ಆಗ ಕೈಗೆ 24,000. ಇಪ್ಪತ್ತೆರಡು ದಿನದ ಊಟ ತಿಂಡಿಗೆ ದಿನಕ್ಕೆ 300ರಂತೆ 6,600 ಹೋಯಿತು. ಡೀಸೆಲ್ ಕಮ್ಮಿ ಬಂತೆಂದು 1,500 ಹಿಡಿದರು. ಉಳಿದದ್ದು 15,900. ಮೊದಲನೆಯವರಲ್ಲಿ ಊಟ ಬಾಟಾದಲ್ಲೇ ಮುಗಿದು 18,000 ಹಾಗೇ ಮನೆಗೆ ಬರುತ್ತಿತ್ತು. ಆದ್ದರಿಂದ ಕಾಯುವ ದಿನಕ್ಕೆ ಏನು ಕೊಡುತ್ತೀರಿ, ಪಂಕ್ಚರ್, ಹಗ್ಗ, ಟಾರ್ಪಾಲು, ಹಮಾಲಿ ಇವೆಲ್ಲ ಯಾರ ಲೆಕ್ಕ ಎಂದು ಬಾಯಿಬಿಟ್ಟು ಕೇಳಬೇಕು. ನಾಚಿಕೆ ಪಡಬೇಕಾದ್ದಿಲ್ಲ.

ಡೀಸೆಲ್ ಉಳಿಸಿದರೆ ಬಹುಮಾನ ಎನ್ನುವವರು ಇದ್ದಾರೆ. ಕೇಳಲು ಚೆನ್ನ. ಆದರೆ ಹೊಸ ಹುಡುಗರು ಅದಕ್ಕಾಗಿ ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುತ್ತಾರೆ. ಗೇರಿನ ಹಿಡಿತ ತಪ್ಪಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ಕಾದರೆ ಹಿಡಿಯುವುದಿಲ್ಲ. ಹತ್ತುವ ಗೇರಿನಲ್ಲೇ ಇಳಿಯಬೇಕು ಅಂತ ಹಳೆಯ ಡ್ರೈವರುಗಳು ಸುಮ್ಮನೆ ಹೇಳಿದ್ದಲ್ಲ. ಡ್ರೈವಿಂಗ್ ಸ್ಕೂಲಿನವರು ಕಲಿಸುವುದು ಸಾಮಾನ್ಯವಾಗಿ ಖಾಲಿ ಲಾರಿಯಲ್ಲಿ, ಮೈದಾನದಲ್ಲಿ. ಲೋಡ್ ತುಂಬಿದ ಲಾರಿಯನ್ನು ರಾತ್ರಿ ಮಳೆಯಲ್ಲಿ ಘಾಟಿ ಇಳಿಸುವುದನ್ನು ಯಾರೂ ಅಲ್ಲಿ ಹೇಳಿಕೊಡುವುದಿಲ್ಲ. ಅದಕ್ಕೇ ನನ್ನ ಅಭಿಪ್ರಾಯ ಇಷ್ಟು: ಮೊದಲ ಎರಡು ಮೂರು ತಿಂಗಳು ಹಿರಿಯ ಡ್ರೈವರ್ ಜೊತೆ ಕಳಿಸುವವರು ಸಂಬಳ ಸ್ವಲ್ಪ ಕಮ್ಮಿ ಕೊಟ್ಟರೂ ಅಲ್ಲಿಗೇ ಹೋಗಿ. ಅವರು ದೊಡ್ಡ ಕಂಪೆನಿಯೇ ಆಗಬೇಕಂತಿಲ್ಲ. ತಾನೇ ಇಪ್ಪತ್ತು ವರ್ಷ ಸ್ಟೇರಿಂಗ್ ಹಿಡಿದು ಒಂದು ಲಾರಿ ಮಾಡಿಕೊಂಡವರು ಒಳ್ಳೆಯ ಗುರುವಾದದ್ದನ್ನು ನಾನು ಕಂಡಿದ್ದೇನೆ. ಅಂಥವರಲ್ಲಿ ಪಿಎಫ್, ಇಎಸ್‌ಐ ಸಿಗಲಿಕ್ಕಿಲ್ಲ, ಅದೂ ನಿಜ. ಗ್ಯಾಸ್ ಟ್ಯಾಂಕರಿಗೆ ಮೊದಲ ವರ್ಷವೇ ಹೋಗುವುದು ಬೇಡ. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿದ್ದು ಈ ಕಡೆಯವರು ಮರೆತಿಲ್ಲ. ಅಪಾಯಕಾರಿ ಸರಕಿಗೆ ಪ್ರತ್ಯೇಕ ತರಬೇತಿ ಪಡೆದು ಲೈಸೆನ್ಸಿನಲ್ಲಿ ನಮೂದಾಗಬೇಕು.

ಓವರ್‌ಲೋಡಿನ ವಿಷಯವನ್ನೂ ಮೊದಲೇ ಕೇಳಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ದಂಡ 20,000, ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000. ಐದು ಟನ್ ಹೆಚ್ಚಾದರೆ 30,000, ಡ್ರೈವರನ ಒಂದು ತಿಂಗಳ ದುಡಿಮೆಗಿಂತ ಹೆಚ್ಚು! ಡ್ರೈವರ್ ಬೇರೆ, ಮಾಲಕ ಬೇರೆ ಆಗಿದ್ದರೆ ಮಾಲಕರಿಗೆ ತಿಳಿದೇ ಹೀಗಾಗಿದೆ ಎಂದು ನ್ಯಾಯಾಲಯ ಭಾವಿಸಬಹುದು ಅಂತಲೂ ಅದೇ ಕಾಯ್ದೆ ಹೇಳುತ್ತದೆ. ತೂಕದ ಚೀಟಿ ಸದಾ ಜೇಬಿನಲ್ಲಿರಲಿ.

ಕೆಲಸದ ಹೊತ್ತು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ 8 ಗಂಟೆ ಇತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಅದರಲ್ಲೂ ದಿನಕ್ಕೆ 8 ಗಂಟೆಯೇ. ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಸಾರಿಗೆ ಸಂಸ್ಥೆ ನೇಮಕಾತಿ ಪತ್ರವನ್ನೂ ಕೊಡಬೇಕು. ರಸ್ತೆಯಲ್ಲಿ ನಡೆಯುವುದು ಬೇರೆ ಎಂದು ನೀವು ನಗಬಹುದು, ನನಗೂ ಗೊತ್ತು. ಆದರೂ ಪತ್ರ ಕೇಳಿ. ಅದನ್ನು ಕೇಳಿದ ಕೂಡಲೇ ಎದುರಿನವರ ಮುಖ ಹೇಗಾಗುತ್ತದೆ ಅಂತ ನೋಡಿದರೂ ಅರ್ಧ ವಿಚಾರಣೆ ಆದ ಹಾಗೆ. ಇನ್ನರ್ಧಕ್ಕೆ ಅವರ ಹಳೆಯ ಡ್ರೈವರುಗಳನ್ನು ಹುಡುಕಿ, ಚಾ ಕುಡಿಸಿ ಮಾತಾಡಿಸಿ. ಒಂದೇ ವರ್ಷದಲ್ಲಿ ನಾಲ್ವರು ಬಿಟ್ಟುಹೋಗಿದ್ದರೆ ಯಾಕೆ ಅಂತ ಅವರೇ ಹೇಳ್ತಾರೆ.

ಎಲ್ಲಿಗೇ ಸೇರಿದರೂ ಒಂದು ಸಣ್ಣ ಪುಸ್ತಕ ಇಟ್ಟುಕೊಂಡು ತಾರೀಕು, ಊರು, ಲೋಡು, ಪಡೆದ ಹಣ, ಮಾಡಿದ ಖರ್ಚು ಬರೆದಿಡಬೇಕು. ಸಂಬಳ ಬ್ಯಾಂಕಿಗೇ ಬರಲಿ. ಸಾರಿಗೆ ಕಾರ್ಮಿಕರಿಗಾಗಿ ರಾಜ್ಯದಲ್ಲಿ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಮಂಡಳಿ ಇದೆ. ಅದರ ನೋಂದಣಿಯ ಬಗ್ಗೆ ಕಾರ್ಮಿಕ ಇಲಾಖೆಯಲ್ಲಿ ಕೇಳಿ.

ಮುಂದಿನ ಸಭೆಗೆ ಒಂದು ಕೆಲಸ. ನಿಮ್ಮ ಮಗ ಅಥವಾ ಅಣ್ಣ ತಮ್ಮ ಓಡಿಸುವ ಲಾರಿಯ ನಂಬರ್ ಬರೆದು ತನ್ನಿ. ಯಾರದ್ದಾದರೂ ಮೊಬೈಲಿನಲ್ಲಿ ಎಲ್ಲರೂ ಒಟ್ಟಿಗೆ ಕೂತು ವಿಮೆಯ ತಾರೀಕು ನೋಡೋಣ.