ಪೂರ್ವ ರೋಮ್ ಸಾಮ್ರಾಜ್ಯವು ಉಳಿಸಿಕೊಟ್ಟದ್ದೇನು?

ಕ್ರಿ. ಶ. ೪೭೬ರಲ್ಲಿ ರೋಮ್ ಸಾಮ್ರಾಜ್ಯವು ಪತನವಾಯಿತೆಂದು ನಾವೆಲ್ಲರೂ ಪರೀಕ್ಷೆಗಾಗಿ ಉರುಹೊಡೆದಿದ್ದೇವೆ. ಆ ಉತ್ತರಕ್ಕೆ ಅಂಕಗಳೂ ದೊರೆಯುತ್ತವೆ. ಆದರೆ ಆ ವರ್ಷ ಕಾನ್‌ಸ್ಟಾಂಟಿನೋಪಲ್ ನಗರದ ಬೀದಿಯಲ್ಲಿ ಯಾರನ್ನಾದರೂ ನಿಲ್ಲಿಸಿ ಈ ಮಾತನ್ನು ಹೇಳಿದ್ದರೆ ಆತನು ನಕ್ಕುಬಿಡುತ್ತಿದ್ದನು. ಪಶ್ಚಿಮದಲ್ಲಿ ಸಿಂಹಾಸನ ಕಳೆದುಕೊಂಡವನು ರೋಮುಲಸ್ ಆಗಸ್ಟುಲಸ್ ಎಂಬ ಹುಡುಗ. ಪೂರ್ವದಲ್ಲಿ ಚಕ್ರವರ್ತಿಯೂ ಸೆನೆಟ್ಟೂ ಸೈನ್ಯವೂ ತೆರಿಗೆಯ ಅಧಿಕಾರಿಗಳೂ ಮೊದಲಿನಂತೆಯೇ ಇದ್ದರು. ಆ ಜನರು ಆಡುತ್ತಿದ್ದುದು ಹೆಚ್ಚಾಗಿ ಗ್ರೀಕ್ ಭಾಷೆ, ನಂಬಿದ್ದುದು ಕ್ರೈಸ್ತಧರ್ಮ. ಆದರೂ ಕೊನೆಯವರೆಗೆ ತಮ್ಮನ್ನು ರೋಮನ್ನರೆಂದೇ ಕರೆದುಕೊಂಡರು. ‘ಬೈಜಾಂಟೈನ್’ ಎಂಬ ಹೆಸರು ಆ ರಾಜ್ಯವು ಅಳಿದು ನೂರು ವರ್ಷಗಳಾದ ಮೇಲೆ, ಹಿಯರಾನಿಮಸ್ ವುಲ್ಫ್ ಎಂಬ ಜರ್ಮನ್ ವಿದ್ವಾಂಸನ ಗ್ರಂಥದಿಂದ ಬಳಕೆಗೆ ಬರತೊಡಗಿತು.

ಇತಿಹಾಸಕಾರ ಗಿಬ್ಬನ್ನನು ಈ ಸಾಮ್ರಾಜ್ಯದ ಬಗ್ಗೆ ತಿರಸ್ಕಾರದಿಂದಲೇ ಬರೆದನು. ಅವನ ಮಾತನ್ನು ನಂಬಿದವರು ಇದನ್ನು ಒಳಸಂಚು, ಆಡಂಬರ, ಕಣ್ಣು ಕೀಳಿಸುವ ಶಿಕ್ಷೆಗಳ ರಾಜ್ಯವೆಂದು ತಿಳಿದುಕೊಂಡರು. ಅವೆಲ್ಲವೂ ಇದ್ದವು, ಅಲ್ಲಗಳೆಯುವಂತಿಲ್ಲ. ಆದರೆ ೩೩೦ರಲ್ಲಿ ಕಾನ್‌ಸ್ಟಾಂಟಿನ್ ಚಕ್ರವರ್ತಿಯು ಪ್ರತಿಷ್ಠಾಪಿಸಿದ ನಗರವು ೧೪೫೩ರವರೆಗೆ ಬದುಕಿದ್ದಿತು. ಬರಿಯ ಒಳಸಂಚಿನ ಬಲದಿಂದ ಯಾವ ರಾಜ್ಯ ತಾನೆ ಸಾವಿರದ ನೂರು ವರ್ಷ ಬಾಳೀತು?

ಜಸ್ಟಿನಿಯನ್ನನ (೫೨೭–೫೬೫) ಆಳ್ವಿಕೆಯನ್ನೇ ನೋಡೋಣ. ಟ್ರಿಬೋನಿಯನ್ ಎಂಬ ನ್ಯಾಯವೇತ್ತನ ನೇತೃತ್ವದಲ್ಲಿ ಪಂಡಿತರ ಒಂದು ಮಂಡಲಿಯು ಹಳೆಯ ರೋಮನ್ ನ್ಯಾಯಶಾಸ್ತ್ರದ ಸುಮಾರು ಎರಡು ಸಾವಿರ ಪುಸ್ತಕಗಳನ್ನು ಸೋಸಿ, ಮೂರೇ ವರ್ಷಗಳಲ್ಲಿ ಐವತ್ತು ಪುಸ್ತಕಗಳ ‘ಡೈಜೆಸ್ಟ್’ ಎಂಬ ಸಂಗ್ರಹವನ್ನು ಸಿದ್ಧಪಡಿಸಿತು. ಮುಂದೆ ಬೊಲೋನ್ಯದ ವಿದ್ಯಾಪೀಠದಲ್ಲಿ ಇದರ ಪಾಠ ನಡೆದು, ಯೂರೋಪಿನ ಬಹುಭಾಗದ ಕಾನೂನಿಗೆ ಇದೇ ತಳಹದಿಯಾಯಿತು. ಇದೇ ದೊರೆಯು ೫೩೨ರಲ್ಲಿ ತನ್ನ ವಿರುದ್ಧ ದಂಗೆಯೆದ್ದ ಪ್ರಜೆಗಳನ್ನು ರಥಪಂದ್ಯದ ಬಯಲಿನಲ್ಲಿ ಕೊಲ್ಲಿಸಿದನು. ಸತ್ತವರು ಮೂವತ್ತು ಸಾವಿರಕ್ಕೂ ಮಿಕ್ಕಿದ್ದರೆಂದು ಆ ಕಾಲದ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿದ್ದಾನೆ. ಆ ದಂಗೆಯಲ್ಲಿ ಸುಟ್ಟುಹೋದ ಇಗರ್ಜಿಯ ಸ್ಥಳದಲ್ಲೇ ಐದು ವರ್ಷಗಳೊಳಗೆ ಹಾಗಿಯಾ ಸೋಫಿಯಾ ಎದ್ದು ನಿಂತಿತು. ಸುಮಾರು ನೂರು ಅಡಿ ಅಗಲದ ಅದರ ಗುಮ್ಮಟವು ೫೫೮ರಲ್ಲಿ ಕುಸಿದುಬಿದ್ದಿತು. ಅದನ್ನು ಇನ್ನಷ್ಟು ಎತ್ತರಿಸಿ ಮತ್ತೆ ಕಟ್ಟಿದರು. ಆ ಕಟ್ಟಡವು ೧೪೫೩ರಲ್ಲಿ ಮಸೀದಿಯಾಗಿ, ಇಪ್ಪತ್ತನೆಯ ಶತಮಾನದಲ್ಲಿ ವಸ್ತುಸಂಗ್ರಹಾಲಯವಾಗಿ, ೨೦೨೦ರಲ್ಲಿ ಮತ್ತೆ ಮಸೀದಿಯಾಯಿತು.

ಈ ಚಕ್ರವರ್ತಿಗಳ ‘ಸಾಲಿಡಸ್’ ಎಂಬ ಚಿನ್ನದ ನಾಣ್ಯವು ಶತಮಾನಗಳ ಕಾಲ ತನ್ನ ಅಪ್ಪಟತನವನ್ನು ಕಳೆದುಕೊಳ್ಳಲಿಲ್ಲ. ಇದು ಎಲ್ಲ ದೇಶಗಳಲ್ಲಿಯೂ ಸಲ್ಲುತ್ತದೆಂದು ಆರನೆಯ ಶತಮಾನದ ವರ್ತಕ ಕಾಸ್ಮಾಸ್ ಹೆಮ್ಮೆಪಟ್ಟಿದ್ದಾನೆ. ಅವನ ಮಾತು ಉತ್ಪ್ರೇಕ್ಷೆಯೇನಲ್ಲ. ನಮ್ಮ ಹಾನಗಲ್ ತಾಲೂಕಿನ ಅಕ್ಕಿಆಲೂರಿನ ನೆಲದಲ್ಲಿಯೂ ಈ ನಾಣ್ಯಗಳು ದೊರೆತಿವೆ.

ಆದರೆ ನನ್ನ ಮಟ್ಟಿಗೆ ಈ ಸಾಮ್ರಾಜ್ಯದ ಹಿರಿಯ ಸೇವೆಯು ಅದರ ಲಿಪಿಕಾರರದು. ಹೋಮರ್, ಪ್ಲೇಟೋ, ಸೋಫೋಕ್ಲಿಸ್, ಥುಸಿಡಿಡಿಸ್ ಇವರ ಕೃತಿಗಳು ತಾವಾಗಿಯೇ ಉಳಿದು ಬಂದುವಲ್ಲ. ಒಂದು ಪ್ರತಿ ಹಾಳಾಗುವುದರೊಳಗೆ ಇನ್ನೊಂದನ್ನು ಬರೆಯಬೇಕು. ಬರೆಯುವವನಿಲ್ಲದಿದ್ದರೆ ಕೃತಿಯು ಸತ್ತಂತೆಯೇ. ಒಂಬತ್ತನೆಯ ಶತಮಾನದಲ್ಲಿ ಫೋಷಿಯಸ್ ಎಂಬ ಧರ್ಮಾಧ್ಯಕ್ಷನು ತಾನು ಓದಿದ ಪುಸ್ತಕಗಳ ಸಾರವನ್ನು ಸುಮಾರು ೨೮೦ ಅಧ್ಯಾಯಗಳಲ್ಲಿ ಬರೆದಿಟ್ಟನು. ಅವನು ಓದಿದ್ದರಲ್ಲಿ ಸುಮಾರು ಅರ್ಧದಷ್ಟು ಇಂದು ನಮಗೆ ಪೂರ್ಣವಾಗಿ ದೊರೆಯುವುದಿಲ್ಲ. ಅದೇ ಶತಮಾನದಲ್ಲಿ ಥೆಸಲೋನಿಕದ ಸಿರಿಲ್ ಮತ್ತು ಮೆಥೋಡಿಯಸ್ ಸೋದರರು ಸ್ಲಾವ್ ಜನರ ಭಾಷೆಗೊಂದು ಲಿಪಿಯನ್ನು ರಚಿಸಿಕೊಟ್ಟರು. ಇಂದು ರಷ್ಯನರು ಬರೆಯುವ ಲಿಪಿಗೆ ಸಿರಿಲನ ಹೆಸರಿದ್ದರೂ ಅದನ್ನು ರೂಪಿಸಿದವರು ಈ ಸೋದರರ ಪರಂಪರೆಯಲ್ಲಿ ಬಲ್ಗೇರಿಯದಲ್ಲಿ ದುಡಿದ ಪಂಡಿತರು.

ಇಂಥ ನಗರವನ್ನು ಕೊಂದವರು ಯಾರು? ೧೪೫೩ರ ಮೇ ೨೯ರಂದು ಸುಲ್ತಾನ ಎರಡನೆಯ ಮೆಹಮದನು ಎಂದು ಪುಸ್ತಕಗಳು ಹೇಳುತ್ತವೆ. ಪ್ರಾಣಾಂತಿಕವಾದ ಪೆಟ್ಟು ಅದಕ್ಕೆ ಎರಡೂವರೆ ಶತಮಾನ ಮೊದಲೇ ಬಿದ್ದಿತ್ತೆಂದು ನಾನು ಭಾವಿಸುತ್ತೇನೆ. ೧೨೦೪ರಲ್ಲಿ ಜೆರೂಸಲೇಮಿನ ಹೆಸರಿನಲ್ಲಿ ಹೊರಟ ನಾಲ್ಕನೆಯ ಧರ್ಮಯುದ್ಧದ ಕ್ರೈಸ್ತವೀರರೇ ವೆನಿಸ್ಸಿನ ಹಡಗುಗಳಲ್ಲಿ ಬಂದು ಈ ಕ್ರೈಸ್ತನಗರವನ್ನು ಮೂರು ದಿನ ಸೂರೆಗೈದರು. ಪ್ರಾಚೀನ ಕಂಚಿನ ಪ್ರತಿಮೆಗಳನ್ನು ಕರಗಿಸಿ ನಾಣ್ಯ ಮಾಡಿದರೆಂದು, ಕಣ್ಣಾರೆ ಕಂಡ ನಿಕೆಟಾಸ್ ಕೋನಿಯಾಟಿಸ್ ಗೋಳಿಟ್ಟಿದ್ದಾನೆ. ನಾಲ್ಕು ಕುದುರೆಗಳ ಪ್ರತಿಮೆಯನ್ನು ಮಾತ್ರ ಕರಗಿಸದೆ ವೆನಿಸ್ಸಿಗೆ ಸಾಗಿಸಿದರು. ೧೨೬೧ರಲ್ಲಿ ನಗರವು ಗ್ರೀಕರ ಕೈಗೆ ಮರಳಿತಾದರೂ ಬೊಕ್ಕಸ ಮತ್ತೆ ತುಂಬಲಿಲ್ಲ. ಕೊನೆಯ ಮುತ್ತಿಗೆಗೆ ಮೊದಲು ಅರ್ಬನ್ ಎಂಬ ಫಿರಂಗಿ ಎರಕದವನು ಚಕ್ರವರ್ತಿಯ ಬಳಿಗೇ ಕೆಲಸ ಕೇಳಿ ಬಂದಿದ್ದನು. ಅವನಿಗೆ ಸಂಬಳ ಕೊಡುವಷ್ಟು ಹಣ ಅಲ್ಲಿರಲಿಲ್ಲ. ಅವನು ಸುಲ್ತಾನನಲ್ಲಿಗೆ ಹೋದನು.

ನಗರವು ಬಿದ್ದ ಸುದ್ದಿಯನ್ನು ಕೇಳಿದಾಗ, ಟ್ರೆಬಿಜಾಂಡಿನಲ್ಲಿ ಹುಟ್ಟಿದ ಬೆಸಾರಿಯನ್ ಎಂಬ ಗ್ರೀಕ್ ವಿದ್ವಾಂಸನು ಇಟಲಿಯಲ್ಲಿ ಕಾರ್ಡಿನಲ್ ಪದವಿಯಲ್ಲಿದ್ದನು. ತನ್ನ ಜನರ ವಿದ್ಯೆಯು ನಾಶವಾಗಬಾರದೆಂದು ಅವನು ಸಿಕ್ಕಸಿಕ್ಕಲ್ಲಿ ಗ್ರೀಕ್ ಹಸ್ತಪ್ರತಿಗಳನ್ನು ಕೊಂಡು, ಪ್ರತಿ ಮಾಡಿಸಿ, ೧೪೬೮ರಲ್ಲಿ ಆ ಸಂಗ್ರಹವನ್ನು ಒಂದು ನಗರಕ್ಕೆ ದಾನವಾಗಿತ್ತನು. ಗ್ರೀಕ್ ಹಸ್ತಪ್ರತಿಗಳೇ ಸುಮಾರು ೪೮೦ ಇದ್ದವು. ಹತ್ತನೆಯ ಶತಮಾನದ ‘ಇಲಿಯಡ್’ ಪ್ರತಿಯೊಂದು ಅವುಗಳಲ್ಲಿ ಸೇರಿತ್ತು. ಅವನು ಆರಿಸಿಕೊಂಡ ನಗರ ವೆನಿಸ್. ಇಂದಿಗೂ ಅಲ್ಲಿನ ಸಂತ ಮಾರ್ಕನ ಇಗರ್ಜಿಯಲ್ಲಿ ಆ ನಾಲ್ಕು ಕುದುರೆಗಳಿವೆ. ಕೂಗಳತೆಯ ದೂರದಲ್ಲಿರುವ ಗ್ರಂಥಾಲಯದಲ್ಲಿ ಬೆಸಾರಿಯನ್ನನ ಪುಸ್ತಕಗಳಿವೆ.