ಅಪ್ಪ ಹಿಂದೂ, ಅಮ್ಮ ಯಹೂದಿ: ಹುಡುಗಿ ಯಾರ ಪೈಕಿ?

ಪ್ರಶ್ನೆ: ನನ್ನ ಅಣ್ಣನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಜೊತೆಗೆ ಕೆಲಸ ಮಾಡುವ ಹುಡುಗಿಯನ್ನೇ ಮದುವೆಯಾಗುತ್ತೇನೆ ಎಂದು ಕೂತಿದ್ದಾನೆ. ಹುಡುಗಿಯ ತಂದೆ ಹಾಸನದ ಕಡೆಯವರು, ಹಿಂದೂಗಳು. ತಾಯಿ ಮುಂಬೈಯವರು, ಯಹೂದಿಗಳಂತೆ. ಅವರ ಮನೆಯಲ್ಲಿ ದೀಪಾವಳಿಯನ್ನೂ ಮಾಡುತ್ತಾರೆ, ಶುಕ್ರವಾರ ಸಂಜೆ ಅವರದೇ ದೀಪವನ್ನೂ ಹಚ್ಚುತ್ತಾರೆ ಎನ್ನುತ್ತಾನೆ. ಊರಲ್ಲಿ ಹಿರಿಯರು ‘ಯಾವ ಕುಲ, ಯಾವ ಬೆಡಗು’ ಎಂದರೆ ಏನು ಹೇಳುವುದು? ಇಂಥ ಮನೆಯ ಮಕ್ಕಳು ಹೇಗೆ ಬೆಳೆಯುತ್ತಾರೆ? ನಮ್ಮ ರಾಜ್ಯದಲ್ಲಿ ಹಿಂದೆ ಇಂಥದ್ದು ನಡೆದಿದೆಯೇ? ಜಮೀನಿಗೆ ಏನಾದರೂ ತೊಡಕಾಗುತ್ತದೆಯೇ?
— ಓದುಗರೊಬ್ಬರು, ಗೌಡಗೆರೆ, ಶಿರಾ ತಾಲ್ಲೂಕು

ಉತ್ತರ: ಜಮೀನಿನ ಮಾತನ್ನು ಕೊನೆಗೆ ಬರೆದಿದ್ದೀರಿ. ಮನೆಯಲ್ಲಿ ಮೊದಲು ಎದ್ದದ್ದು ಅದೇ ಇರಬೇಕು ಎಂದು ನನ್ನ ಗುಮಾನಿ. ಇರಲಿ, ನಿಮ್ಮ ಸಾಲಿನಲ್ಲೇ ಹೋಗೋಣ.

ಬೆಡಗು ನಮ್ಮಲ್ಲಿ ಅಪ್ಪನಿಂದ ಬರುತ್ತದೆ. ಯಹೂದಿಗಳ ಧರ್ಮಶಾಸ್ತ್ರದಲ್ಲಿ ಲೆಕ್ಕ ತಿರುಗುಮುರುಗು. ಹೆತ್ತವಳು ಯಹೂದಿಯಾದರೆ ಮಗು ಯಹೂದಿ, ಅಪ್ಪ ಯಾರಾದರೂ ಆಗಿರಲಿ. ಅರ್ಧ ಅದು, ಅರ್ಧ ಇದು ಎಂಬ ಮಾತೇ ಅಲ್ಲಿಲ್ಲ. ಹಾಗಾಗಿ ಹಿರಿಯರಿಗೆ ಹೇಳುವುದಾದರೆ, ಅಪ್ಪನ ಕಡೆಯ ಲೆಕ್ಕದಲ್ಲಿ ಅವಳು ಹಾಸನದವರ ಮಗಳು, ಅಮ್ಮನ ಕಡೆಯ ಲೆಕ್ಕದಲ್ಲಿ ಪೂರಾ ಯಹೂದಿ. ಇನ್ನೂ ಒಂದು ಮಾತನ್ನು ಈಗಲೇ ಕಿವಿಗೆ ಹಾಕಿಬಿಡುತ್ತೇನೆ: ಆ ಶಾಸ್ತ್ರದ ಪ್ರಕಾರ ಅವಳ ಹೊಟ್ಟೆಯಲ್ಲಿ ಹುಟ್ಟುವ ನಿಮ್ಮ ಅಣ್ಣನ ಮೊಮ್ಮಕ್ಕಳೂ ಯಹೂದಿಗಳೇ. ಗೌಡಗೆರೆಯಲ್ಲಿ ಕಿವಿ ಚುಚ್ಚಿಸಿ, ಮುಡಿ ಕೊಡಿಸಿದರೂ ಅದು ಬದಲಾಗುವುದಿಲ್ಲ.

ಅಪ್ಪ ಯಹೂದಿ, ಅಮ್ಮ ಅಲ್ಲ ಎಂದಾದರೆ ಫಜೀತಿ ಬೇರೆ. ಸಂಪ್ರದಾಯಸ್ಥರು ಆ ಮಗುವನ್ನು ಯಹೂದಿ ಎಂದು ಒಪ್ಪುವುದಿಲ್ಲ. ಅಮೆರಿಕದ ಸುಧಾರಣಾವಾದಿ ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, 1983ರಲ್ಲಿ, ಯಹೂದಿಯಾಗಿ ಬೆಳೆಸಿದ್ದರೆ ಅಪ್ಪನ ಕಡೆಯಿಂದಲೂ ಒಪ್ಪಬಹುದು ಎಂದು ತೀರ್ಮಾನ ಮಾಡಿದರು. ಇಸ್ರೇಲ್ ಸರ್ಕಾರವೋ 1970ರಲ್ಲಿ ತನ್ನ ಕಾನೂನು ತಿದ್ದಿ, ಅಜ್ಜ ಅಜ್ಜಿಯರಲ್ಲಿ ಒಬ್ಬರು ಯಹೂದಿಯಾಗಿದ್ದರೂ ಬಂದು ನೆಲೆಸಬಹುದು ಎಂದಿತು. ಆದರೆ ಅಲ್ಲಿ ಮದುವೆ ಮಾಡಿಸುವ ಅಧಿಕಾರ ಇರುವುದು ಧರ್ಮಾಧಿಕಾರಿಗಳಿಗೆ. ಆದ್ದರಿಂದ ಪೌರನೆಂದು ಕರೆಸಿಕೊಂಡವನೇ ಮದುವೆಯ ದಿನ ಬಂದಾಗ ಯಹೂದಿಯಲ್ಲ ಎನ್ನಿಸಿಕೊಳ್ಳುವುದೂ ಆಗುತ್ತದೆ.

ಹುಡುಗಿಯ ತಾಯಿ ಮುಂಬೈಯವರು ಎಂದರೆ ಬಹುಮಟ್ಟಿಗೆ ಬೆನೆ ಇಸ್ರೇಲ್ ಪಂಗಡದವರಿರಬೇಕು. ಕೊಂಕಣದ ಹಳ್ಳಿಗಳಲ್ಲಿ ಗಾಣ ಹಾಕಿಕೊಂಡು ಎಣ್ಣೆ ತೆಗೆಯುತ್ತಿದ್ದವರು, ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ‘ಶನಿವಾರ ತೇಲಿ’ ಎಂದು ಕರೆಸಿಕೊಂಡವರು. ಮನೆಮಾತು ಮರಾಠಿ. ಊರ ಹೆಸರಿಗೆ ‘ಕರ್’ ಸೇರಿಸಿಕೊಂಡ ಅಡ್ಡಹೆಸರುಗಳು. ಮಿಶ್ರ ಮದುವೆಯ ಮಕ್ಕಳನ್ನು ಏನು ಮಾಡುವುದು ಎಂಬ ತಲೆನೋವು ಅವರಿಗೆ ಹೊಸದಲ್ಲ. ಬೆನೆ ಇಸ್ರೇಲ್ ಗಂಡಸು ಹೊರಗಿನ ಹೆಂಗಸಿನಲ್ಲಿ ಪಡೆದ ಮಕ್ಕಳ ಸಂತತಿಯನ್ನು ‘ಕಾಳೆ’ ಎಂದೂ ಉಳಿದವರನ್ನು ‘ಗೋರೆ’ ಎಂದೂ ವಿಂಗಡಿಸಿ, ಕೊಡುಕೊಳ್ಳುವಿಕೆ ಇಲ್ಲದ ಹಾಗೆ ಬಹಳ ಕಾಲ ನಡೆಸಿಕೊಂಡು ಬಂದರು. ನಮ್ಮ ನೆಲದಲ್ಲಿ ಬೇರು ಬಿಟ್ಟ ಮೇಲೆ ನಮ್ಮ ರೋಗವೂ ತಗುಲದೆ ಇರುತ್ತದೆಯೇ! ಈಗ ಅದು ಹೆಚ್ಚುಕಡಿಮೆ ಅಳಿಸಿಹೋಗಿದೆ, ಏಕೆಂದರೆ ಜನವೇ ಕಡಿಮೆ. 1951ರ ಜನಗಣತಿಯಲ್ಲಿ ದೇಶದ ಯಹೂದಿಗಳು ಸುಮಾರು 26 ಸಾವಿರ. 2011ರಲ್ಲಿ ನಾಲ್ಕೂವರೆ ಸಾವಿರದ ಆಸುಪಾಸು. ಉಳಿದವರಲ್ಲಿ ಬಹುಪಾಲು ಇಸ್ರೇಲಿಗೆ ಹೋದರು. ಇಷ್ಟು ಕಡಿಮೆ ಜನರಲ್ಲಿ ವಯಸ್ಸಿಗೆ ತಕ್ಕ ಗಂಡು ಸಿಗದೆ ಹೊರಗೆ ಮದುವೆಯಾಗುವುದು ಆಶ್ಚರ್ಯವಲ್ಲ.

ನಮ್ಮ ರಾಜ್ಯದಲ್ಲಿ ಇಂಥದ್ದು ನಡೆದಿದೆಯೇ ಎಂದಿರಿ. ನಡೆದಿದೆ, ಅದೂ ಒಂಬೈನೂರು ವರ್ಷದ ಕೆಳಗೆ, ಮಂಗಳೂರಿನಲ್ಲಿ. ಅದಕ್ಕೆ ಕಾಗದಪತ್ರ ಸಮೇತ ಸಾಕ್ಷಿ ಇದೆ.

ಟ್ಯುನಿಸಿಯಾದ ಮಹ್ದಿಯಾ ಎಂಬ ಊರಿನವನು ಅಬ್ರಹಾಂ ಬೆನ್ ಯಿಜು. ಅಪ್ಪ ರಬ್ಬಿ. ಇವನು ವ್ಯಾಪಾರಕ್ಕೆಂದು ಏಡನ್‌ಗೆ ಬಂದು, ಅಲ್ಲಿಂದ ಹಡಗು ಹತ್ತಿ ಮಂಗಳೂರಿಗೆ ಬಂದಿಳಿದು, ಹತ್ತಿರಹತ್ತಿರ ಹದಿನೇಳು ವರ್ಷ ಇಲ್ಲೇ ಉಳಿದ. ಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣ ಕಳಿಸುತ್ತಿದ್ದ. ಕಂಚಿನ ಕೆಲಸದ ಕಾರ್ಖಾನೆಯೂ ಇತ್ತು. ಏಡನ್‌ನ ಪಾಲುದಾರರು ಒಡೆದುಹೋದ ಹಳೆಯ ಪಾತ್ರೆಗಳನ್ನು ಮೂಟೆ ಕಟ್ಟಿ ಕಳಿಸಿ, ಇಂಥ ಅಳತೆಯ ತಟ್ಟೆ, ಇಂಥ ಆಕಾರದ ದೀಪ ಮಾಡಿಸಿ ಕಳಿಸು ಎಂದು ಬರೆಯುತ್ತಿದ್ದರು. ಜೊತೆಗೆ ಅವನ ಖರ್ಚಿಗೆ ಸಕ್ಕರೆ, ಒಣದ್ರಾಕ್ಷಿ, ಬರೆಯಲು ಈಜಿಪ್ಟಿನ ಕಾಗದ. ಆ ಕಾಗದ ಉಳಿದದ್ದರಿಂದಲೇ ನಮಗೆ ಇದೆಲ್ಲ ಗೊತ್ತಾಗಿರುವುದು. ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಯಹೂದಿಗಳು ಬಿಸಾಡುವುದಿಲ್ಲ. ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗ್ ಎಂಬ ಪ್ರಾರ್ಥನಾಮಂದಿರದ ಒಂದು ಕೋಣೆಯಲ್ಲಿ ಶತಮಾನಗಳ ಕಾಗದ ಹಾಗೇ ಬಿದ್ದಿತ್ತು. ಅದರಲ್ಲಿ ಬಹುಪಾಲು 1890ರ ದಶಕದ ಕೊನೆಯಲ್ಲಿ ಕೇಂಬ್ರಿಜ್‌ಗೆ ಹೋಯಿತು. ವ್ಯಾಪಾರಿಗಳ ಕಾಗದಗಳನ್ನು ವಿದ್ವಾಂಸ ಗೊಯ್ಟೈನ್ ಒಂದೊಂದಾಗಿ ಹುಡುಕಿ ಜೋಡಿಸಿದರು. ಅಮಿತಾವ್ ಘೋಷ್ 1992ರಲ್ಲಿ ಅದನ್ನು ಪುಸ್ತಕ ಮಾಡಿದರು. ಬೆನ್ ಯಿಜುವಿನ ಆಳು ಬೊಮ್ಮನ ಹೆಸರು ತುಳುನಾಡಿನದು ಎಂದು ಗುರುತಿಸಲು ಘೋಷ್‌ಗೆ ನೆರವಾದವರು ನಮ್ಮ ಬಿ.ಎ. ವಿವೇಕ ರೈ.

ಆ ಕಾಗದಗಳಲ್ಲಿ 1132ರ ಅಕ್ಟೋಬರ್ 17ರ ಒಂದು ಪತ್ರವಿದೆ. ಆಶು ಎಂಬ ದಾಸಿಯನ್ನು ಬೆನ್ ಯಿಜು ಬಿಡುಗಡೆ ಮಾಡಿದ ದಸ್ತಾವೇಜು ಅದು. ಅದರಲ್ಲಿ ಅವಳಿಗೆ ಬೆರಾಖಾ ಎಂಬ ಹೀಬ್ರೂ ಹೆಸರನ್ನೂ ಇಡಲಾಗಿದೆ. ದಾಸಿಯ ಮಗು ದಾಸನೇ ಎಂಬುದು ಶಾಸ್ತ್ರ. ಬಿಡುಗಡೆಯಾದ ದಾಸಿಯಾದರೆ ಯಹೂದಿ ಸಮುದಾಯಕ್ಕೆ ಸೇರಿದವಳೇ ಆಗುತ್ತಾಳೆ, ಅವಳ ಮಕ್ಕಳೂ ಹಾಗೆಯೇ. ಅಂದರೆ ಮಂಗಳೂರಿನಲ್ಲಿ ಬೆಳೆದ ಅವರಿಬ್ಬರ ಮಕ್ಕಳಾದ ಸುರೂರ್ ಎಂಬ ಗಂಡುಮಗು, ಸಿತ್ತ್ ಅಲ್‌ದಾರ್ ಎಂಬ ಹೆಣ್ಣುಮಗು ಯಾರು ಎಂಬುದು ನಿಂತದ್ದು ಆ ಒಂದು ಕಾಗದದ ಮೇಲೆ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇನ್ನೊಂದು ಸಂಗತಿ. ಬೆನ್ ಯಿಜುವಿನ ಲೆಕ್ಕಪತ್ರಗಳಲ್ಲಿ ಆಶುವಿನ ಕಡೆಯ ನಾಯರ್ ಎಂಬೊಬ್ಬ ನೆಂಟನ ಹೆಸರು ಬರುತ್ತದೆ. ಅದನ್ನು ಹಿಡಿದು ಘೋಷ್, ಆಶು ನಾಯರ್ ಸಮುದಾಯದವಳಿರಬೇಕು ಎಂದು ಊಹಿಸುತ್ತಾರೆ. ಆ ಊಹೆ ಸರಿಯಾದರೆ ಆಶುವಿನ ಕಡೆಯೂ ತಾಯಿಯ ಕಟ್ಟು. ಮಕ್ಕಳು ತಾಯಿಯ ಮನೆಯವರು, ಸೋದರಮಾವನೇ ಹಿರಿಯ. ನೋಡಿ, ಎರಡೂ ಕಡೆಯ ಪದ್ಧತಿ ಕೇಳುವ ಪ್ರಶ್ನೆ ಒಂದೇ, ‘ತಾಯಿ ಯಾರು?’ ಅದೇ ಆಶುವನ್ನು ತೋರಿಸಿ ಒಬ್ಬರು ‘ಮಕ್ಕಳು ನಮ್ಮವರು’ ಎನ್ನಬಹುದಿತ್ತು, ಇನ್ನೊಬ್ಬರೂ ‘ನಮ್ಮವರು’ ಎನ್ನಬಹುದಿತ್ತು. ಮಂಗಳೂರಿನಲ್ಲಿ ಇರುವವರೆಗೆ ಅದನ್ನು ಇತ್ಯರ್ಥ ಮಾಡಬೇಕಾದ ಜರೂರು ಯಾರಿಗೂ ಇದ್ದಂತೆ ಕಾಣುವುದಿಲ್ಲ.

1149ರಲ್ಲಿ ಬೆನ್ ಯಿಜು ಮಕ್ಕಳನ್ನು ಕರೆದುಕೊಂಡು ಏಡನ್‌ಗೆ ಹಿಂತಿರುಗಿದ. ಆಶು ಜೊತೆಗೆ ಹೋದ ಸುಳಿವಿಲ್ಲ. ಅತ್ತ ಮಹ್ದಿಯಾ ಸಿಸಿಲಿಯ ದೊರೆಯ ವಶವಾಗಿ, ಅಣ್ಣತಮ್ಮಂದಿರು ದಿಕ್ಕಾಪಾಲಾಗಿದ್ದರು. ಆಮೇಲೆ ಗಂಡುಮಗನೂ ತೀರಿಕೊಂಡ. ಉಳಿದವಳು ಮಗಳೊಬ್ಬಳು. ಏಡನ್‌ನ ಒಬ್ಬ ಸ್ಥಿತಿವಂತ ವ್ಯಾಪಾರಿ ತನ್ನ ಮಗನಿಗೆ ಅವಳನ್ನು ಕೇಳಿದ. ಬೆನ್ ಯಿಜು ಒಪ್ಪಲಿಲ್ಲ. ನನ್ನ ಅಣ್ಣತಮ್ಮಂದಿರ ಮಗನಿಗೋ ತಂಗಿಯ ಮಗನಿಗೋ ಕೊಡುತ್ತೇನೆ, ಬನ್ನಿ ಎಂದು ಮನೆಯವರಿಗೆ ಬರೆದ. 1156ರಲ್ಲಿ ಈಜಿಪ್ಟಿನ ಫುಸ್ತಾತ್‌ನಲ್ಲಿ, ಅಣ್ಣತಮ್ಮಂದಿರ ಪೈಕಿ ಯೂಸುಫನ ಮಗ ಪೆರಹ್ಯಾನಿಗೆ ಧಾರೆ ಎರೆದುಕೊಟ್ಟ. ಆಸ್ತಿ ಹೊರಗೆ ಹೋಗಬಾರದು ಎಂಬ ಲೆಕ್ಕಾಚಾರವೂ ಇದ್ದಿರಬಹುದು. ಆದರೆ ತನ್ನ ಮಗಳನ್ನು ‘ಮಂಗಳೂರಿನ ದಾಸಿಯ ಮಗಳು’ ಎಂದು ಯಾರೂ ಆಡಿಕೊಳ್ಳದ ಮನೆ ತನ್ನ ಒಡಹುಟ್ಟಿದವರದೇ ಎಂದು ಆತನಿಗೆ ಅನಿಸಿರಬೇಕು ಎಂಬುದು ನನ್ನ ಓದು.

ಇಂಥ ಮಕ್ಕಳು ಹೇಗೆ ಬೆಳೆಯುತ್ತಾರೆ ಎಂಬ ಪ್ರಶ್ನೆಗೆ ನನ್ನ ಉತ್ತರವೂ ಇದರಲ್ಲೇ ಇದೆ. ಮನೆಯೊಳಗೆ ಅವರಿಗೆ ತೊಂದರೆಯಿಲ್ಲ. ಎರಡು ಹಬ್ಬ ಬಂದರೆ ಯಾವ ಮಗು ಬೇಡವೆನ್ನುತ್ತದೆ? ನಿಮ್ಮ ಕಡೆಯ ಹಳ್ಳಿಗಳಲ್ಲಿ ಬಾಬಯ್ಯನ ಹಬ್ಬಕ್ಕೆ, ಅಂದರೆ ಮೊಹರಂಗೆ, ಹಿಂದೂಗಳೇ ಮುಂದೆ ನಿಂತು ಹರಕೆ ತೀರಿಸುವುದಿಲ್ಲವೇ? ಬೆನೆ ಇಸ್ರೇಲರೂ ಹರಕೆ ಹೊರುತ್ತಾರೆ, ಎಲೀಯ ಪ್ರವಾದಿಯ ಹೆಸರಿನಲ್ಲಿ. ತೀರಿಸುವುದು ಮಲೀದಾ ಮಾಡಿ: ನೆನೆಸಿದ ಅವಲಕ್ಕಿಗೆ ಸಿಹಿ, ತೆಂಗಿನ ತುರಿ, ದ್ರಾಕ್ಷಿ ಗೋಡಂಬಿ ಕಲಸಿ, ಸುತ್ತ ಹಣ್ಣಿಟ್ಟು ಪ್ರಾರ್ಥಿಸಿ ಹಂಚುತ್ತಾರೆ. ಕೃಷ್ಣಾಷ್ಟಮಿಯ ಅವಲಕ್ಕಿ ತಿಂದು ಬೆಳೆದ ಮಗುವಿಗೆ ಅದು ಪರಕೀಯವೆನಿಸುವುದಿಲ್ಲ. ಬೀಗರು ಊಟಕ್ಕೆ ಬಂದರೆ ಎಂದು ಒಂದು ಸೂಚನೆ: ಹಂದಿ, ಸಿಗಡಿ, ಏಡಿ ಅವರಿಗೆ ನಿಷಿದ್ಧ, ಮಾಂಸ ಅವರ ಕ್ರಮದಲ್ಲಿ ಕೊಯ್ದದ್ದಾಗಿರಬೇಕು, ಮಾಂಸದ ಜೊತೆ ಹಾಲು ಮೊಸರು ಕೂಡದು. ಅದಕ್ಕೇ ಅವರ ಅಡುಗೆಯಲ್ಲಿ ತೆಂಗಿನ ಹಾಲು ಜಾಸ್ತಿ. ಬಾಡೂಟದ ಕೊನೆಗೆ ಮಜ್ಜಿಗೆ ಬಡಿಸುವ ನಮ್ಮ ವಾಡಿಕೆ ಹುಡುಗಿಯ ತಾಯಿಗೆ ಸರಿಹೋಗಲಾರದು. ಎಷ್ಟು ಪಾಲಿಸುತ್ತಾರೋ ಕೇಳಿಕೊಳ್ಳಿ. ಮುದ್ದೆ, ಹುರುಳಿಕಾಳಿನ ಸಾರಾದರೆ ಕೇಳುವ ಗೋಜೂ ಇಲ್ಲ.

ಕಷ್ಟ ಬರುವುದು ಮನೆಯ ಹೊರಗೆ, ಬೇರೆಯವರ ಮುಂದೆ ನಿಂತಾಗ. ಮದುವೆ, ಮಣ್ಣು, ಆಸ್ತಿ, ಅರ್ಜಿಯಲ್ಲಿ ‘ಧರ್ಮ’ ಎಂಬ ಕಾಲಂ. ಬೆಂಗಳೂರಿನ ಮಾಗಡಿ ರಸ್ತೆಯ ಬಳಿ ಯಹೂದಿಗಳ ರುದ್ರಭೂಮಿಯಿದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಕೊಟ್ಟ ಜಾಗ, 1904ರಿಂದ ಇದೆ. ಒಂದೇ ಮನೆಯ ಗಂಡಹೆಂಡಿರಲ್ಲಿ ಒಬ್ಬರಿಗೆ ಅಲ್ಲಿ ಜಾಗ, ಇನ್ನೊಬ್ಬರಿಗೆ ಬೇರೆ ಕಡೆ ಎಂದಾಗ ಮಕ್ಕಳಿಗೆ ತಾವು ಎಲ್ಲಿಯವರು ಎಂಬ ಪ್ರಶ್ನೆ ಏಳುತ್ತದೆ. ಹಾಗೆಂದು ಎಲ್ಲರೂ ಅದೇ ಚಿಂತೆಯಲ್ಲಿ ಕೂರುವುದಿಲ್ಲ. 1947ರಲ್ಲಿ ಮಿಸ್ ಇಂಡಿಯಾ ಆದ ನಟಿ ಪ್ರಮೀಳಾ ಕಲ್ಕತ್ತೆಯ ಯಹೂದಿ, ಹುಟ್ಟುಹೆಸರು ಎಸ್ತರ್ ವಿಕ್ಟೋರಿಯಾ ಅಬ್ರಹಾಂ. ಗಂಡ ಮುಸ್ಲಿಂ, ನಟ ಕುಮಾರ್. ಮಗಳು ನಖೀ ಜಹಾನ್ 1967ರಲ್ಲಿ ತಾನೂ ಮಿಸ್ ಇಂಡಿಯಾ ಆದಳು. ಮಗ ಹೈದರ್ ಅಲಿ ‘ಜೋಧಾ ಅಕ್ಬರ್’ ಚಿತ್ರದ ಕಥೆಗಾರ. ಹಿಂದೂ ರಾಣಿ, ಮುಸ್ಲಿಂ ಬಾದಶಹನ ಸಂಸಾರದ ಕಥೆ ಯಹೂದಿ ತಾಯಿಯ ಮಗನಿಂದ ಬಂತು.

ಈಗ ಜಮೀನು. 1955ರ ಹಿಂದೂ ವಿವಾಹ ಕಾಯ್ದೆ ಮುಸ್ಲಿಂ, ಕ್ರೈಸ್ತ, ಪಾರ್ಸಿ, ಯಹೂದಿ ಧರ್ಮದವರಿಗೆ ಅನ್ವಯಿಸುವುದಿಲ್ಲ ಎಂದು ಹೆಸರು ಹಿಡಿದೇ ಹೇಳುತ್ತದೆ. ಆದರೆ ತಂದೆತಾಯಿಯರಲ್ಲಿ ಒಬ್ಬರು ಹಿಂದೂ ಆಗಿದ್ದು, ಮಗು ಅವರ ಕುಟುಂಬದ ಪೈಕಿಯಾಗಿ ಬೆಳೆದಿದ್ದರೆ ಆ ಮಗು ಹಿಂದೂ ಎಂದೂ ಅದೇ ಕಾಯ್ದೆಯ ವಿವರಣೆಯಲ್ಲಿದೆ. ಯಹೂದಿ ಶಾಸ್ತ್ರ ಹೆತ್ತವಳನ್ನು ನೋಡಿದರೆ ನಮ್ಮ ಕಾನೂನು ಸಾಕಿದ ರೀತಿಯನ್ನು ನೋಡುತ್ತದೆ. ಆದ್ದರಿಂದ ಮೊದಲು ಹುಡುಗಿ ತನ್ನನ್ನು ಏನೆಂದು ಹೇಳಿಕೊಳ್ಳುತ್ತಾಳೆ ಎಂದು ತಿಳಿಯಬೇಕು, ಅದನ್ನು ಅವಳ ಬಾಯಿಂದಲೇ ತಿಳಿಯಬೇಕು. ಹಿಂದೂವಾಗಿ ಬೆಳೆದವಳು ಎಂದಾದರೆ ಛತ್ರದಲ್ಲಿ ನಮ್ಮ ಪದ್ಧತಿಯಂತೆ ಮದುವೆ ಮಾಡಿ ನೋಂದಾಯಿಸಬಹುದು, ಆಸ್ತಿಯ ವಿಚಾರದಲ್ಲಿ ಏನೂ ಬದಲಾಗುವುದಿಲ್ಲ.

ತಾನು ಯಹೂದಿ ಎಂದರೆ 1954ರ ವಿಶೇಷ ವಿವಾಹ ಕಾಯ್ದೆಯೇ ದಾರಿ. 30 ದಿನದ ನೋಟಿಸ್ ಕಚೇರಿಯ ಬೋರ್ಡಿನ ಮೇಲೆ ಇರುತ್ತದೆ. ಗುಟ್ಟಾಗಿ ಮುಗಿಸೋಣ ಎಂದುಕೊಂಡವರಿಗೆ ಇದೇ ದೊಡ್ಡ ಪೀಕಲಾಟ. ಅದರ 19ನೇ ಕಲಮಿನ ಪ್ರಕಾರ, ಹಿಂದೂ ಅಲ್ಲದವರನ್ನು ಹೀಗೆ ಮದುವೆಯಾದ ಹುಡುಗ ಅವಿಭಕ್ತ ಕುಟುಂಬದಿಂದ ಬೇರೆಯಾದಂತೆ ಲೆಕ್ಕ. ಊರಲ್ಲಿ ಇದನ್ನೇ ‘ಪಾಲು ಹೋಯಿತು’ ಎಂದು ಹೆದರಿಸುತ್ತಾರೆ. ಪಾಲು ಹೋಗುವುದಿಲ್ಲ, ಭಾಗವಾದ ಹಾಗೆ, ಅವನ ಹಿಸ್ಸೆ ಅವನದೇ. ಅಪ್ಪನ ಸ್ವಯಾರ್ಜಿತಕ್ಕೆ ಮುಂದೆ ವಾರಸುದಾರನಾಗುವುದಕ್ಕೂ ಅಡ್ಡಿಯಿಲ್ಲ. ಅವನ ನಂತರ ಅವನ ಆಸ್ತಿ ಹೆಂಡತಿ ಮಕ್ಕಳಿಗೆ ಹೋಗುವುದು ಮಾತ್ರ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ. ಪಹಣಿ ಯಾರ ಹೆಸರಿನಲ್ಲಿದೆ, ನಿಮ್ಮ ಅಣ್ಣತಮ್ಮಂದಿರ ನಡುವೆ ವಿಭಾಗಪತ್ರ ಆಗಿದೆಯೇ ಎಂಬುದನ್ನು ನೋಡಿಕೊಂಡು, ಆ ಕಾಗದಗಳ ಸಮೇತ ಶಿರಾದಲ್ಲಿ ಒಬ್ಬ ವಕೀಲರನ್ನು ಕಾಣಿ. ನೋಟಿಸ್ ಹಾಕುವ ಮೊದಲೇ ಕಾಣಿ.