ಹಳೆಯ ಕೆತ್ತನೆ, ಹೊಸ ಮಾರುಕಟ್ಟೆ: ಮರಗೆಲಸದ ಉದ್ದಿಮೆಗೆ ಒಂದು ಪಾಠ

ಕಣಗಲಾ, ಹುಕ್ಕೇರಿ, ಗೋಕಾಕ ಪರಿಸರದ ಸಣ್ಣ ಮರಗೆಲಸದ ಘಟಕಗಳು ದೊಡ್ಡ ಕಾರ್ಖಾನೆಗಳ ಸಿದ್ಧ ಪೀಠೋಪಕರಣಗಳೊಡನೆ ಬೆಲೆಯಲ್ಲಿ ಸ್ಪರ್ಧಿಸುವುದು ಕಠಿಣ. ಆದರೆ ವಿನ್ಯಾಸದಲ್ಲಿ ಸ್ಪರ್ಧಿಸಲು ಅವಕಾಶವಿದೆ. ಈ ದೃಷ್ಟಿಯಿಂದ ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನ ಅನುಭವ ಅಭ್ಯಾಸಯೋಗ್ಯವಾಗಿದೆ.

ಫ್ರಾನ್ಸಿನ ಅನುಭವ

1831ರಲ್ಲಿ ಪ್ರಕಟವಾದ ವಿಕ್ಟರ್ ಹ್ಯೂಗೋನ ನೋತ್ರ್ ದಾಮ್ ಕಾದಂಬರಿಯು ಮಧ್ಯಯುಗದ ಬಗೆಗಿನ ಜನರ ಒಲವನ್ನು ಹೆಚ್ಚಿಸಿತು. ಆ ಕಾಲದ ಕುಶಲಕರ್ಮಿಗಳು ಹಳೆಯ ಚರ್ಚುಗಳ ಮೊನಚು ಕಮಾನು ಹಾಗೂ ಜಾಲರಿ ಕೆತ್ತನೆಗಳನ್ನು ಕುರ್ಚಿ, ಪುಸ್ತಕದ ಕಪಾಟು, ಗಡಿಯಾರದ ಪೆಟ್ಟಿಗೆಗಳಿಗೆ ಅಳವಡಿಸಿದರು. ಮಧ್ಯಯುಗದ ಮನೆಯ ಮುಖ್ಯ ಪೀಠೋಪಕರಣ ಪೆಟ್ಟಿಗೆಯೇ ಆಗಿತ್ತು. ಅಂದರೆ ಅಲಂಕಾರ ಹಳೆಯದು, ವಸ್ತು ಹೊಸದು. ವಾಸ್ತುಶಿಲ್ಪಿ ವಿಯೊಲೆ-ಲ-ದ್ಯೂಕ್ ಪ್ರಾಚೀನ ಪೀಠೋಪಕರಣಗಳ ರಚನೆಯನ್ನು ಚಿತ್ರಸಹಿತ ವಿವರಿಸುವ ಕೋಶವನ್ನು 1858ರಿಂದ ಪ್ರಕಟಿಸಿದನು. ಅಲಂಕಾರವು ಮರದ ಗುಣಕ್ಕೂ ಜೋಡಣೆಗೂ ಹೊಂದಿರಬೇಕೆಂಬುದು ಅವನ ನಿಲುವು. 1886ರಲ್ಲಿ ಪ್ಯಾರಿಸ್ಸಿನಲ್ಲಿ ಪೀಠೋಪಕರಣ ವೃತ್ತಿಗೆಂದೇ ಬೂಲ್ ಶಾಲೆ ಸ್ಥಾಪನೆಯಾಯಿತು.

ನಮ್ಮ ನಾಡಿನಲ್ಲಿ

ಕರ್ನಾಟಕಕ್ಕೂ ಈ ಮಾರ್ಗ ಹೊಸದಲ್ಲ. ಸಾಗರ, ಸೊರಬಗಳ ಗುಡಿಗಾರರು ದೇಗುಲ ಶಿಲ್ಪದ ಬಳ್ಳಿ, ಹೂವು, ಪ್ರಾಣಿಗಳನ್ನು ಗಂಧದ ಪೆಟ್ಟಿಗೆಗಳ ಮೇಲೆ ಮೂಡಿಸುತ್ತ ಬಂದಿದ್ದಾರೆ. 1956ರಲ್ಲಿ ಪೂರ್ಣಗೊಂಡ ವಿಧಾನಸೌಧದ ಸಚಿವ ಸಂಪುಟ ಸಭಾಕೊಠಡಿಯ ಗಂಧದ ಬಾಗಿಲು, ಹಳೆಯ ಕೆತ್ತನೆ ಇಂದಿನ ಕಟ್ಟಡಕ್ಕೂ ಒಪ್ಪುವುದೆಂಬುದಕ್ಕೆ ಸಾಕ್ಷಿ. ಗೋಕಾಕದ ಬಣ್ಣದ ಹಣ್ಣು-ತರಕಾರಿಗಳ ಮರದ ಗೊಂಬೆಗಳು ಈ ಭಾಗದ ಕೈಚಳಕಕ್ಕೆ ಹೆಸರು ತಂದಿವೆ. ಬೆಳಗಾವಿ ಕೋಟೆಯೊಳಗಿನ, 1204ರ ಕಮಲ ಬಸದಿಯ ಛಾವಣಿಯ ಕಮಲ ಹಾಗೂ ಗೋಕಾಕ ಫಾಲ್ಸ್‌ನ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ಗುಡಿ ವಿನ್ಯಾಸಗಳ ಸಿದ್ಧ ಭಂಡಾರಗಳಾಗಿವೆ.

ಉದ್ದಿಮೆದಾರರು ಗಮನಿಸಬೇಕಾದ ಅಂಶಗಳು

1. ವಿನ್ಯಾಸವನ್ನು ಮೊದಲು ಅಳತೆಯೊಡನೆ ಕಾಗದಕ್ಕೆ ಇಳಿಸಿ, ಅಚ್ಚು ಮಾಡಿಟ್ಟುಕೊಳ್ಳಬೇಕು.

2. ಇಂದಿನ ಮನೆಗೆ ಬೇಕಾದ ದೇವರ ಮಂಟಪ, ಟಿ.ವಿ. ಕಪಾಟು, ಮುಂಬಾಗಿಲುಗಳಿಗೆ ಅದನ್ನು ಅಳವಡಿಸಬೇಕು.

3. ಕೊಯ್ತ, ಚೌಕಟ್ಟುಗಳು ಯಂತ್ರದಿಂದ ಆಗಲಿ. ಕೊನೆಯ ಕೆತ್ತನೆ ಕೈಯಿಂದಲೇ ನಡೆಯಲಿ. ಮರ ಚೆನ್ನಾಗಿ ಒಣಗಿರದಿದ್ದರೆ ಎಷ್ಟೇ ಅಂದದ ಕೆತ್ತನೆಯೂ ಬಿರುಕು ಬಿಡುತ್ತದೆ.

4. ಊರಿನ ಹೆಸರೂ ಬಂಡವಾಳವೇ. 2003ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಕ ಕಾಯ್ದೆಯಡಿ ಮೈಸೂರಿನ ಬೀಟೆಮರದ ಕುಸುರಿಗೂ ಚನ್ನಪಟ್ಟಣದ ಗೊಂಬೆಗಳಿಗೂ ನೋಂದಣಿ ದೊರೆತಿದೆ. ಇಂತಹ ನೋಂದಣಿ ಒಬ್ಬ ವ್ಯಾಪಾರಿಗೆ ಸಿಗುವಂಥದಲ್ಲ, ಉತ್ಪಾದಕರು ಸಂಘಟಿತರಾಗಬೇಕು.

ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿರುವ ಕಣಗಲಾದಿಂದ ಕೊಲ್ಲಾಪುರ, ಪುಣೆಗಳ ಪೇಟೆ ದೂರವಿಲ್ಲ. ರಸ್ತೆಯಿದೆ, ಕೈಚಳಕವಿದೆ, ವಿನ್ಯಾಸವೂ ಇದೆ. ಇವು ಮೂರನ್ನೂ ಒಂದುಗೂಡಿಸುವ ಕಾರ್ಯ ಉದ್ದಿಮೆದಾರರದಾಗಿದೆ.